ದೊಡ್ಡಾಕಿಯ ಎರಡನೆಯ ಮುಖ

ಕಲ್ಲಿದ್ದಲು ಬರುವುದು ನಿಂತು ಹನ್ನೆರಡು ವರ್ಷವಾದರೂ ಕರೇಗುಡ್ಡದ ವಿದ್ಯುತ್ ಸ್ಥಾವರದ ಮೂರು ಚಿಮಣಿಗಳನ್ನು ಯಾರೂ ಕೆಡವಿರಲಿಲ್ಲ. ಹೊಗೆಯಿಲ್ಲದ ಆ ಚಿಮಣಿಗಳ ಬಾಯಲ್ಲಿ ಗಿಳಿಗಳು ಸಂಸಾರ ಹೂಡಿದ್ದವು. ಮೊದಲು ಕಲ್ಲಿದ್ದಲ ರಾಶಿ ಬೀಳುತ್ತಿದ್ದ ಅಂಗಳದಲ್ಲಿ ಈಗ ಆರು ಅಂತಸ್ತಿನಷ್ಟು ಎತ್ತರದ, ಒಂದೂ ಕಿಟಕಿಯಿಲ್ಲದ ಕಟ್ಟಡ ನಿಂತಿತ್ತು. ಅದರ ಹೊಟ್ಟೆ ತುಂಬ ಕಲ್ಲು. ಸುತ್ತಲಿನ ಗುಡ್ಡಗಳಿಂದ ಒಡೆದು ತಂದ, ತೆಂಗಿನಕಾಯಿ ಗಾತ್ರದ ಕರಿಕಲ್ಲು. ಜನ ಅದನ್ನು ಕಲ್ಲೊಲೆ ಅನ್ನುತ್ತಿದ್ದರು.

ಕಲ್ಲೊಲೆಯ ಸಂಗತಿ ಬಹಳ ಕಷ್ಟದ್ದಲ್ಲ. ಹಗಲು ಹೊತ್ತು ಸೀಮೆಯ ತುಂಬ ಹಾಸಿದ ಸೋಲಾರ್ ಹಲಗೆಗಳು ಜನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಕೊಡುತ್ತವೆ. ಮಿಕ್ಕಿದ್ದನ್ನು ಕಲ್ಲುಗಳ ನಡುವೆ ಎಳೆದ ತಂತಿಸುರುಳಿಗೆ ಬಿಡುತ್ತಾರೆ. ಸಂಜೆಯೊಳಗೆ ಅಷ್ಟೂ ಕಲ್ಲು ಕೆಂಡದ ಹಾಗೆ ಕಾಯುತ್ತದೆ. ಹೊತ್ತು ಮುಳುಗಿದ ಮೇಲೆ ಅದರ ನಡುವೆ ಗಾಳಿ ಊದಿ, ಕಾದ ಗಾಳಿಯಿಂದ ನೀರನ್ನು ಆವಿ ಮಾಡಿ, ಆ ಆವಿಯನ್ನು ಹಳೇ ಟರ್ಬೈನಿಗೆ ಬಿಡುತ್ತಾರೆ. ಮಧ್ಯಾಹ್ನದ ಬಿಸಿಲನ್ನು ಮುಚ್ಚಿಟ್ಟು ರಾತ್ರಿಯ ಊಟಕ್ಕೆ ಬಡಿಸಿದ ಹಾಗೆ.

ಇದರ ಬೆಲೆ ತಿಳಿಯುವುದು ಸಂಜೆಯ ಮೂರು ತಾಸು. ಆಗ ಸೂರ್ಯ ಹೋಗಿರುತ್ತಾನೆ. ಗದಗಿನ ಗುಡ್ಡದ ಗಾಳಿ ಇನ್ನೂ ಎದ್ದಿರುವುದಿಲ್ಲ. ಅಣೆಕಟ್ಟಿನ ನೀರನ್ನು ಬೇಸಿಗೆಗೆಂದು ಬಿಗಿಹಿಡಿದಿರುತ್ತಾರೆ. ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ ಬೇಕು, ಒಲೆ ಬೇಕು, ಆಸ್ಪತ್ರೆಯಲ್ಲಿ ಆಪರೇಷನ್ ನಡೆದಿರುತ್ತದೆ. ಆ ಮೂರು ತಾಸು ನಾಲ್ಕು ಜಿಲ್ಲೆಗಳನ್ನು ಬೆನ್ನ ಮೇಲೆ ಹೊರುವುದು ಕರೇಗುಡ್ಡದ ಒಂದೇ ಒಂದು ಟರ್ಬೈನ್. ಅದರ ನಡುವೆ ತಿರುಗುವ ಕಬ್ಬಿಣದ ದಿಂಡಿಗೆ, ಅಂದರೆ ರೋಟರಿಗೆ, ಹಳೇ ಕಾಲದ ಕೆಲಸಗಾರರು ಇಟ್ಟ ಹೆಸರು ದೊಡ್ಡಾಕಿ.

ಹೆಸರಿಟ್ಟವರಲ್ಲಿ ಈಗ ಉಳಿದಿದ್ದವನು ಉರುಕುಂದಪ್ಪ ಒಬ್ಬನೇ. ವಯಸ್ಸು ಎಪ್ಪತ್ತೆಂಟು. ಖಲಾಸಿಯಾಗಿ ಸೇರಿ, ಮೂವತ್ತಾರು ವರ್ಷ ಟರ್ಬೈನಿನ ಪಕ್ಕದಲ್ಲೇ ಕಳೆದವನು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದ. ಆದರೆ ಯಾವ ವರ್ಷ ಯಾವ ಬೇರಿಂಗು ಬಿಸಿಯಾಯಿತು, ಅವತ್ತು ಯಾವ ವಾರ, ಯಾರು ಏನು ಉಂಡು ಬಂದಿದ್ದರು ಎಂಬುದೆಲ್ಲ ಅವನ ತಲೆಯಲ್ಲಿ ಅಳಿಯದೆ ಇತ್ತು.

ಶಿವರಾತ್ರಿ ಕಳೆದ ವಾರದ ಒಂದು ಮಧ್ಯಾಹ್ನ, ಎರಡು ಗಂಟೆಗೆ ಸರಿಯಾಗಿ, ಅವನು ಕಾಲನಿಯ ಹಳೇ ಕ್ವಾರ್ಟರ್ಸಿನಲ್ಲಿ ಹೆಂಡತಿ ಹುಲಿಗೆಮ್ಮನ ಮಗ್ಗುಲು ಬದಲಿಸುತ್ತಿದ್ದ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಎಡಭಾಗ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ನರ್ಸಮ್ಮ ಹೇಳಿಕೊಡಲು ಬಂದಾಗ ಉರುಕುಂದಪ್ಪನಿಗೆ ನಗು ಬಂದಿತ್ತು. ಅವನು ಜೀವಮಾನವೆಲ್ಲ ಮಾಡಿದ್ದೇ ಆ ಕೆಲಸ.

"ನಿಧಾನ ರೀ. ನಾನೇನು ನಿಮ್ಮ ದೊಡ್ಡಾಕಿ ಅಲ್ಲ, ಕಬ್ಬಿಣ ಹಿಡಿದಂಗ ಹಿಡೀಬ್ಯಾಡ್ರಿ," ಅಂದಳು ಹುಲಿಗೆಮ್ಮ.

"ದೊಡ್ಡಾಕಿ ನಿನ್ನಷ್ಟು ಮಾತಾಡ್ತಿರಲಿಲ್ಲ."

"ಅದಕ್ಕ ಹಬ್ಬ ಹುಣ್ಣಿವಿಗೂ ಅಕೀ ಹತ್ರಾನ ಇರ್ತಿದ್ರಿ."

ಅವಳ ಮೊಣಕಾಲು ಮಡಿಸಿ, ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ಅವನು ಮೆಲ್ಲಗೆ ಹೊರಳಿಸಿದ. ಬೆನ್ನಿಗೆ ದಿಂಬು ಒತ್ತಿದ. ಹಿಮ್ಮಡಿಗೆ ಎಣ್ಣೆ ಸವರುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ಮೂವತ್ತೈದರ ಒಬ್ಬ ಹೆಣ್ಣುಮಗಳು, ತಲೆಯ ಮೇಲೆ ಹಳದಿ ಹೆಲ್ಮೆಟ್ಟು, ಮುಖವೆಲ್ಲ ಬೆವರು. ಹಿಂದೆ ಟರ್ಬೈನ್ ಫಿಟ್ಟರ್ ಜಿಲಾನಿ. ಅವನ ಅಪ್ಪ ಉರುಕುಂದಪ್ಪನ ಜೊತೆ ಕೆಲಸ ಮಾಡಿದ್ದವನು.

"ತಾತ, ನಾನು ಸುಗಂಧಾ ಬಡಿಗೇರ, ಇವತ್ತಿನ ಶಿಫ್ಟಿನ ಇಂಜಿನಿಯರು. ನೀವು ಒಂದೀಟು ಪ್ಲಾಂಟಿಗೆ ಬರಬೇಕಾಗ್ಯಾದ."

"ಏನಾತು ತಾಯಿ?"

"ಹತ್ತು ಗಂಟೆಗೆ ಟರ್ನಿಂಗ್ ಗೇರಿನ ಹಲ್ಲು ಮುರೀತು. ಕೈಲೇ ತಿರುಗಿಸಾಕ ಹತ್ತೀವಿ. ಆದ್ರೂ ದೊಡ್ಡಾಕಿ ಬಾಗಾಕ ಹತ್ಯಾಳ."

ಉರುಕುಂದಪ್ಪನ ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಅಲ್ಲೇ ನಿಂತಿತು.

ಓಡಿ ನಿಂತ ರೋಟರು ಒಲೆಯಿಂದ ಇಳಿಸಿದ ಹಂಚಲ್ಲ, ಬಿಟ್ಟರೆ ತಾನೇ ಆರಲು. ಕಬ್ಬಿಣದ ಗವಸಿನೊಳಗೆ ಬಿಸಿ ಮೇಲಕ್ಕೇರುತ್ತದೆ. ರೋಟರಿನ ಮೇಲ್ಮೈ ಬಿಸಿಯಾಗಿಯೇ ಉಳಿದು, ಕೆಳಮೈ ತಣ್ಣಗಾಗಿ, ಬಿಸಿಯಾದ ಕಡೆ ಹಿಗ್ಗಿ, ನಡು ಬಿಲ್ಲಿನ ಹಾಗೆ ಬಾಗುತ್ತದೆ. ಅದಕ್ಕೇ ನಿಂತಾಗಲೂ ಅದನ್ನು ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಆ ಕೆಲಸದ ಗೇರು ಕೆಟ್ಟರೆ ಕಾಲು ತಾಸಿಗೊಮ್ಮೆ ಮನುಷ್ಯರೇ ಸನ್ನೆಗೋಲು ಹಾಕಿ ಅರ್ಧ ಸುತ್ತು ತಿರುಗಿಸಬೇಕು. ಬಾಗಿ ಹಾಗೇ ಆರಿದರೆ ಆ ಬಾಗು ಸಾಯುವವರೆಗೂ ಹೋಗುವುದಿಲ್ಲ. ಅಂಥ ರೋಟರನ್ನು ಎರಕ ಹೊಯ್ಯುವ ಕಾರ್ಖಾನೆ ಈಗ ಜಗತ್ತಿನಲ್ಲಿ ಎಲ್ಲೂ ಉಳಿದಿರಲಿಲ್ಲ.

"ಎಷ್ಟು ಬಾಗ್ಯಾಳ?"

"ನೂರಾ ನಲವತ್ತು ಮೈಕ್ರಾನು."

ಎರಡು ಕೂದಲೆಳೆ ಜೋಡಿಸಿದಷ್ಟು. ಮನುಷ್ಯರಿಗೆ ಅದು ಏನೂ ಅಲ್ಲ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ, ನೂರು ಟನ್ ಮೀರಿದ ಕಬ್ಬಿಣಕ್ಕೆ ಅದು ಸಾವು.

"ಪಂಡಿತ ಏನಂತಾನ?" ಎಂದು ಕೇಳಿದ. ಸ್ಥಾವರವನ್ನೆಲ್ಲ ನೋಡಿಕೊಳ್ಳುವ ಗಣಕಯಂತ್ರಕ್ಕೆ ಹುಡುಗರು ಆ ಹೆಸರಿಟ್ಟಿದ್ದಾರೆಂದು ಅವನಿಗೆ ಗೊತ್ತಿತ್ತು.

ಸುಗಂಧಾ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದಳು. "ತಿರುಗಿಸಿದಷ್ಟೂ ಬಾಗು ಹೆಚ್ಚಾಗ್ತದ, ಅದಕ್ಕ ತಿರುಗಿಸೋದು ನಿಲ್ಲಿಸ್ರಿ ಅಂತಾನ. ಮೂರು ಹೊಡಿಯೋದ್ರೊಳಗ ನಾನು ಹೂಂ ಅನ್ನಬೇಕು ಇಲ್ಲಾ ಊಹೂಂ ಅನ್ನಬೇಕು."

"ನಿಲ್ಲಿಸಿದ್ರ ಸತ್ಲು."

"ಅದು ನನಗೂ ಗೊತ್ತದ ತಾತ. ಆದ್ರ ತಿರುಗಿಸಿದ್ರೂ ಬಾಗಾಕ ಹತ್ಯಾಳಲ್ಲ, ಅದು ಯಾಕಂತ ತಿಳೀವಲ್ದು."

ಬಾಗಿಲ ಹಿಂದೆ, ಬೇರಿಂಗಿನ ದನಿ ಕೇಳಲು ಅವನು ಬಳಸುತ್ತಿದ್ದ ತೇಗದ ಕೋಲಿತ್ತು; ಅದಕ್ಕೆ ಕೈ ಹಾಕಿದ. ಆಮೇಲೆ ಗಡಿಯಾರ ನೋಡಿದ, ಹುಲಿಗೆಮ್ಮನನ್ನು ನೋಡಿದ, ಕೋಲು ಬಿಟ್ಟ.

"ನಾಲ್ಕಕ್ಕ ಇಕಿನ್ನ ಹೊರಳಿಸಬೇಕು. ಆರಕ್ಕ ಮತ್ತ. ನಾ ಬರಾಕಾಗಂಗಿಲ್ಲ ತಾಯಿ. ಇಲ್ಲೇ ಹೇಳ್ತೀನಿ, ನೀವು ಕೇಳ್ಕೊಂಡು ಹೋಗ್ರಿ."

ಹುಲಿಗೆಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಅಲ್ಲಿಂದಲೇ ಅಂದಳು: "ಏ ಜಿಲಾನಿ, ನಿಮ್ಮ ಪ್ಲಾಂಟಿನ ಆಂಬುಲೆನ್ಸು ಐತೋ, ಅದನ್ನೂ ಕಲ್ಲೊಲಿಗೆ ಹಾಕೀರೋ?"

"ಐತಿ ಅಮ್ಮ."

"ತೊಗೊಂಬಾ. ನನ್ನನ್ನೂ ಮಂಚದ ಸಮೇತ ಒಯ್ಯಿರಿ. ನಲವತ್ತು ವರ್ಷ ಹೆಸರು ಕೇಳೀನಿ, ಅಕಿ ಮಾರಿ ಒಮ್ಮೆರ ನೋಡ್ತೀನಿ."

"ಏ, ನಿನಗೇನು ತಲಿ..." ಎಂದು ಉರುಕುಂದಪ್ಪ ಬಾಯಿ ತೆರೆದ.

"ಇಬ್ಬರನ್ನೂ ಒಂದೇ ಕಡಿ ಹೊರಳಿಸ್ರಿ. ನಿಮಗೂ ಓಡಾಟ ತಪ್ತದ," ಅಂದಳು. ಸುಗಂಧಾ ಬೆಳಗಿನಿಂದ ಮೊದಲ ಸಲ ನಕ್ಕಳು.

ಉರುಕುಂದಪ್ಪ ಕೆಲಸ ಬಿಟ್ಟ ಈ ಇಪ್ಪತ್ತು ವರ್ಷದಲ್ಲಿ ಟರ್ಬೈನಿನ ಹಾಲ್ ಬದಲಾಗಿತ್ತು. ಮೊದಲು ಮೆಟ್ಟಿಲ ಮೇಲೆ, ರೇಲಿಂಗಿನ ಮೇಲೆ, ಚಹಾದ ಗ್ಲಾಸಿನ ಅಂಚಿನ ಮೇಲೂ ಬೂದಿ ಇರುತ್ತಿತ್ತು. ಕಾಲನಿಯ ಹೆಂಗಸರು ಒಣಹಾಕಿದ ಬಟ್ಟೆಯನ್ನು ಎರಡೆರಡು ಸಲ ಒಗೆಯಬೇಕಾಗುತ್ತಿತ್ತು. ಈಗ ನೆಲ ಮುಖ ಕಾಣುವಷ್ಟು ತಿಳಿಯಾಗಿತ್ತು. ಆದರೆ ಹಾಲಿನ ನಡುವೆ ಉದ್ದಕ್ಕೆ ಮಲಗಿದ್ದ ದೊಡ್ಡಾಕಿ ಬದಲಾಗಿರಲಿಲ್ಲ. ರೈಲಿನ ಎರಡು ಡಬ್ಬಿಯಷ್ಟು ಉದ್ದ, ಬೂದುಬಣ್ಣದ ಗವಸು, ಅದರ ಮೈಯಿಂದ ಹೊರಡುವ ಅದೇ ಕಾದ ಎಣ್ಣೆಯ ವಾಸನೆ.

ನಾಲ್ಕು ಜನ ಹುಲಿಗೆಮ್ಮನ ಮಂಚ ಇಳಿಸಿ ಕಂಬದ ಪಕ್ಕದಲ್ಲಿ ಇಟ್ಟರು. ಅವಳು ಗವಸಿನ ತುದಿಯಿಂದ ತುದಿಗೆ ಕಣ್ಣು ಹಾಯಿಸಿದಳು. "ಇಷ್ಟು ದೊಡ್ಡಾಕಿ ಅಂತ ನೀವು ಹೇಳಿರಲೇ ಇಲ್ಲ," ಅಂದಳು.

"ದೊಡ್ಡಾಕಿ ಅಂತ ಹೆಸರೇ ಹೇಳತಿದ್ನೆಲ್ಲ."

"ಇದನ್ನ ಏನು ತಿರುಗಿಸ್ತದ? ಬರೇ ಉಗಿ?"

"ಉಗಿ. ಡ್ಯಾಮಿನ್ಯಾಗ ಆದ್ರ ನೀರು ತಿರುಗಿಸ್ತದ, ಗುಡ್ಡದ ಮ್ಯಾಲ ಗಾಳಿ. ಕೈಗಾದಾಗ ಅಣು ಒಡದು ನೀರು ಕುದಿಸ್ತಾರ, ಅಲ್ಲೂ ಕಡೀಕ ಉಗಿನೇ. ಸೋಲಾರ್ ಹಲಗಿ ಒಂದು ಬಿಟ್ರ ಎಲ್ಲಾರೂ ಮಾಡೋದು ಒಂದೇ ಕೆಲಸ. ಒಂದು ಗಾಲಿ ತಿರುಗಬೇಕು. ಗಾಲಿ ಜೊತಿ ಅಯಸ್ಕಾಂತ ತಿರುಗಬೇಕು. ಸುತ್ತಲಿನ ತಾಮ್ರದ ತಂತಿಯೊಳಗ ಕರೆಂಟು ಹುಟ್ತದ. ಕೆಲಸ ಒಂದೇ, ತಳ್ಳಾವ್ರು ಬ್ಯಾರೆ."

ಅವನ ಅಜ್ಜ ಅಣೆಕಟ್ಟಿಗೆ ಕಲ್ಲು ಹೊತ್ತಿದ್ದ. ನೀರು ನಿಲ್ಲಿಸಲು ಹೊತ್ತ ಕಲ್ಲು ಅದು. ಬಿಸಿಲು ನಿಲ್ಲಿಸಲೂ ಕಲ್ಲೇ ಆಯಿತಲ್ಲ ಎಂದು ಉರುಕುಂದಪ್ಪನಿಗೆ ಆಗಾಗ ಸೋಜಿಗವಾಗುತ್ತಿತ್ತು. ಆದರೆ ಈಗ ಅದಕ್ಕೆ ಹೊತ್ತಿರಲಿಲ್ಲ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ ನೂರಾ ನಲವತ್ತೆಂಟು ಎಂದು ತೋರಿಸುತ್ತಿತ್ತು. ಗಂಟೆ ಮೂರಕ್ಕೆ ಹತ್ತು ನಿಮಿಷ.

"ಒಂದು ಸಲ ತಿರುಗಿಸಿ ತೋರಿಸ್ರಿ," ಅಂದ.

ಜಿಲಾನಿ ಮತ್ತು ಇಬ್ಬರು ಉದ್ದನೆಯ ಸನ್ನೆಗೋಲು ಹಾಕಿದರು. ಪಂಪು ರೋಟರಿನ ಕೆಳಗೆ ಎಣ್ಣೆಯ ತೆಳು ಪೊರೆ ಹಾಯಿಸಿ ಅಷ್ಟೂ ಭಾರವನ್ನು ಕೂದಲಿನಷ್ಟು ಎತ್ತಿತು. ನೂರು ಟನ್ ಕಬ್ಬಿಣ ಮೂರು ಜನರ ಕೈಗೆ ತೊಟ್ಟಿಲಿನ ಹಾಗೆ ಜರುಗಿತು. ಎಷ್ಟು ಸಲ ನೋಡಿದರೂ ಉರುಕುಂದಪ್ಪನಿಗೆ ಅದು ದೊಡ್ಡ ವಿಚಿತ್ರವೇ. ರೋಟರಿನ ಎರಡು ಭಾಗ ಕೂಡುವ ಜಾಗದಲ್ಲಿ ಗವಸಿಗೆ ಒಂದು ಗೇಣಗಲದ ಕಿಟಕಿ. ಅವನು ಅಲ್ಲಿ ಕಣ್ಣಿಟ್ಟು ನಿಂತ. ಕಿಟಕಿಯಲ್ಲಿ ಆಯುಧಪೂಜೆಯ ದಿನ ಹಚ್ಚಿದ ಕುಂಕುಮದ ಬೊಟ್ಟು ಕಾಣುತ್ತಿತ್ತು. ಎಣ್ಣೆಯಲ್ಲಿ ಕಲಸಿ ಹಚ್ಚಿದ್ದು, ಕಲೆಯಾಗಿ ಕಚ್ಚಿಕೊಂಡಿತ್ತು. ಅವರು ಸನ್ನೆ ಮೀಟಿದ ಹಾಗೆ ಕುಂಕುಮ ಸರಿಯಿತು, ಮರೆಯಾಯಿತು, ಬರೀ ಕಬ್ಬಿಣ ಕಂಡಿತು. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಕುಂಕುಮ ಮತ್ತೆ ಮೇಲೆ ಬಂತು.

"ಬಂತು, ನಿಲ್ಲಿಸ್ರಿ," ಅಂದ ಜಿಲಾನಿ.

ಉರುಕುಂದಪ್ಪ ಕಿಟಕಿಯಿಂದ ತಲೆ ಎತ್ತಲಿಲ್ಲ. "ಬೆಳಿಗ್ಗೆಯಿಂದ ಹಿಂಗ ತಿರುಗಿಸಿದ್ರೇನು?"

"ಹೌದು ತಾತ."

"ಪ್ರತಿ ಸಲ ಕುಂಕುಮ ಮ್ಯಾಲ ಬರೋತನಕ?"

ಜಿಲಾನಿ ಹೂಂ ಅಂದ. ಸುಗಂಧಾ ಅವನ ಕಡೆ ತಿರುಗಿದಳು. "ಅರ್ಧ ಸುತ್ತು ಅಂತ ಹೇಳಿದ್ನೆಲ್ಲ ಜಿಲಾನಿ! ಪೂರ್ತಿ ಸುತ್ತಿಸಿದ್ರ ಇದ್ದ ಮಗ್ಗುಲಿಗೇ ಬಂದು ನಿಲ್ತಾಳಲ್ಲೋ!"

"ಮೇಡಂ, ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ವಿ. ಕುಂಕುಮ ನೆಲದ ಕಡಿ ಹೋತು." ಜಿಲಾನಿ ಕೈಯ ಎಣ್ಣೆಯನ್ನು ಅರಿವೆಗೆ ಒರೆಸುತ್ತ ನಿಂತ. "ಅಮ್ಮನ ಮುಖ ನೆಲಕ್ಕ ಮಾಡಿ ಹೆಂಗ ಬಿಡಾಣ ಅಂತ ಎಲ್ಲಾರಿಗೂ ಅನಸ್ತು. ಬೆಳಿಗ್ಗೇನೇ ಹಲ್ಲು ಮುರದಿತ್ತು, ಮನಸಿನ್ಯಾಗ ಅಂಜಿಕಿ. ಹಿಂದೂನೋ ಮುಸಲ್ಮಾನನೋ, ಮೂರು ಮಂದಿಗೂ ಕೈ ತಡೀಲಿಲ್ರಿ. ಇನ್ನೊಂದೀಟು ಮೀಟಿ ಮ್ಯಾಲ ತಂದ್ವಿ. ಒಂದೀಟು ಹೆಚ್ಚು ತಿರುಗಿದ್ರ ಚೊಲೋನೇ ಅಲ್ಲೇನು ಅನ್ಕೊಂಡ್ವಿ."

ಪಂಡಿತನಿಗೆ ಇದು ತಿಳಿಯುವ ದಾರಿ ಇರಲಿಲ್ಲ. ಎಷ್ಟು ತಿರುಗಿತೆಂದು ನೋಡುವ ಅವನ ಕಣ್ಣು ಇದ್ದದ್ದು ಮುರಿದ ಗೇರಿನ ಮೇಲೆ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಜನ ತಿರುಗಿಸುತ್ತಿದ್ದಾರೆ, ಬಾಗು ಏರುತ್ತಿದೆ.

ಸುಗಂಧಾಳ ಮುಖ ಕೆಂಪಾಗಿತ್ತು. ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಅಷ್ಟರಲ್ಲಿ ಉರುಕುಂದಪ್ಪ ಅಂದ: "ಬೈಬ್ಯಾಡ ತಾಯಿ. ಇವರ ತಪ್ಪಲ್ಲ. ಎರಡನೇ ಮುಖ ಎಲ್ಲಿ ಹೋತು?"

"ಯಾವ ಮುಖ?"

"ನಮ್ಮ ಕಾಲದಾಗ ಅಕಿಗೆ ಎರಡು ಕಡಿ ಕುಂಕುಮ ಹಚ್ಚತಿದ್ವಿ. ಇಲ್ಲೊಂದು, ಬೆನ್ನಿಗೊಂದು. ನಾನು ಖಲಾಸಿ ಸೇರಿದ ವರ್ಷ ಹಿಂಗೇ ಕೈಲೇ ತಿರುಗಿಸೋ ಹೊತ್ತು ಬಂದಿತ್ತು. ಆಗಲೂ ಕುಂಕುಮ ಕೆಳಗ ಮಾಡಾಕ ಯಾರಿಗೂ ಮನಸ್ಸಾಗಲಿಲ್ಲ. ನಮ್ಮ ಮೇಸ್ತ್ರಿ ಯಾರನ್ನೂ ಬೈಲಿಲ್ಲ. ಸುಮ್ಮನ ಹೋಗಿ ಎದುರು ಮಗ್ಗುಲಿಗೂ ಒಂದು ಬೊಟ್ಟು ಇಟ್ಟು ಬಂದ. ಈಗ ಹೆಂಗ ಹೊರಳಿಸಿದ್ರೂ ಅಮ್ಮ ಮ್ಯಾಲೇ ನೋಡ್ತಾಳ ಅಂದ. ಆಮೇಲೆ ಪ್ರತಿ ದಸರಾಕ್ಕ ಎರಡು ಬೊಟ್ಟು. ಯಾಕಂತ ಬರೀಲಿಲ್ಲ, ಯಾರೂ ಕೇಳಲೂ ಇಲ್ಲ."

ಜಿಲಾನಿ ಹಣೆ ಚಚ್ಚಿಕೊಂಡ. ಹೋದ ವರ್ಷ ಆ ಜಾಗವನ್ನೆಲ್ಲ ತಿಕ್ಕಿ ತೊಳೆದಿದ್ದರು. ದಸರಾದಲ್ಲಿ ಎದುರಿಗೆ ಕಂಡ ಕಡೆ ಮಾತ್ರ ಬೊಟ್ಟು ಇಟ್ಟಿದ್ದರು.

ಆಗ ಮೇಲಿನ ಸ್ಪೀಕರಿನಿಂದ ಪಂಡಿತನ ದನಿ ಬಂತು. "ಮೂರು ಗಂಟೆ. ತಿರುಗಿಸುವುದನ್ನು ನಿಲ್ಲಿಸಲು ಶಿಫಾರಸು ಮಾಡುತ್ತೇನೆ. ಇಂಜಿನಿಯರ್ ಒಪ್ಪಿಗೆ ಬೇಕು."

ಸುಗಂಧಾ ಗೋಡೆಯ ಮೇಲಿನ ಅಂಕಿ ನೋಡಿದಳು, ಮುದುಕನನ್ನು ನೋಡಿದಳು. "ತಾತ, ಖರೇ ಹೇಳ್ರಿ. ಉಳೀತಾಳೇನು?"

"ಇನ್ನೂ ಬಿಸಿ ಅದಾಳ. ಬಿಸಿ ಇರೋತನಕ ಮಾತು ಕೇಳ್ತಾಳ. ಹೊಟ್ಟಿ ಉಬ್ಬಿದ ಕಡಿ ಕೆಳಗ ಮಾಡಿ ಒಂದು ತಾಸು ಬಿಡ್ರಿ. ಆಮೇಲೆ ಕಾಲು ತಾಸಿಗೊಮ್ಮೆ ಅರ್ಧ, ಅರ್ಧ."

"ಒಪ್ಪಿಗೆ ಇಲ್ಲ," ಅಂದಳು ಸುಗಂಧಾ, ಮೇಲೆ ನೋಡುತ್ತ. "ನನ್ನ ಹೆಸರಿಗೆ ಬರಕೋ."

ಇನ್ನು ಕುಂಕುಮ ಬೇಕಿತ್ತು. ಹಾಲಿನಲ್ಲಿ ಎಲ್ಲಿ ಸಿಗಬೇಕು? ಉರುಕುಂದಪ್ಪ ಆ ಕಡೆ ಈ ಕಡೆ ನೋಡುವಷ್ಟರಲ್ಲಿ ಮಂಚದಿಂದ ಹುಲಿಗೆಮ್ಮ ಕರೆದಳು. "ರೀ, ನನ್ನ ದಿಂಬಿನ ಕೆಳಗ ಡಬ್ಬಿ ಐತಿ. ದಿನಾ ಬೆಳಿಗ್ಗೆ ನೀವೇ ಹಚ್ಚತೀರಿ, ಮರತ್ರೇನು?"

ಅವನು ಡಬ್ಬಿ ತೆಗೆದ. ಅಂಗೈಯಲ್ಲಿ ಕುಂಕುಮ ಸುರಿದುಕೊಂಡು, ಟರ್ಬೈನಿನ ಎಣ್ಣೆಯ ಎರಡು ಹನಿ ಹಾಕಿ ಕಲಸಿದ. ಮೂವರೂ ಸನ್ನೆ ಮೀಟಿದರು. ಹಳೇ ಬೊಟ್ಟು ಸರಿದು ಕೆಳಗಿಳಿದು ಮರೆಯಾಯಿತು. ಅರ್ಧಕ್ಕೆ ಬಂದಾಗ ಅವನು ಕೈ ಎತ್ತಿದ. ಕಿಟಕಿಯಲ್ಲಿ ಕೈ ಹಾಕಿ, ಬಿಸಿ ಕಬ್ಬಿಣದ ಮೇಲೆ ಹೆಬ್ಬೆರಳು ಊರಿ, ಒಂದು ಬೊಟ್ಟು ಇಟ್ಟ. ಬೆರಳು ಸುಟ್ಟಿತು. ಜಿಲಾನಿ ಸನ್ನೆಗೋಲು ಬಿಟ್ಟು ದೊಡ್ಡ ಉಸಿರು ಬಿಟ್ಟ.

ಆಮೇಲೆ ಕಾಯುವುದು. ಫಿಟ್ಟರುಗಳು ಅತ್ತ ಸ್ಟೋರಿನ ಹಳೇ ಹಲ್ಲುಚಕ್ರ ತಂದು ಗೇರು ಕೂಡಿಸಲು ಕೂತರು. ಉರುಕುಂದಪ್ಪ ಮಂಚದ ಕೊನೆಗೆ ಕೂತ. ಅವನಿಗೆ ಕಾಯುವುದು ಗೊತ್ತಿತ್ತು. ಅಂಕಿ ನೂರಾ ನಲವತ್ತೆಂಟರಲ್ಲೇ ಇದ್ದರೆ ಇವತ್ತಿನಿಂದಲೇ ನಾಲ್ಕು ಜಿಲ್ಲೆಯ ಸಂಜೆಗೆ ಕತ್ತಲೆ. ಈ ಹಾಲಿಗೆ ಬೀಗ.

ನಾಲ್ಕಕ್ಕೆ ಅವನು ಎದ್ದು ಹುಲಿಗೆಮ್ಮನನ್ನು ಹೊರಳಿಸಿದ. ಅದೇ ಹೊತ್ತಿಗೆ ಜಿಲಾನಿಯವರು ದೊಡ್ಡಾಕಿಯನ್ನು ಅರ್ಧ ಸುತ್ತು ಹೊರಳಿಸಿದರು. ಗೋಡೆಯ ಅಂಕಿ ಏರಿಳಿದು ನಿಂತಿತು.

"ನೂರಾ ಐದು!" ಸುಗಂಧಾಳ ದನಿ ಹಾಲಿನ ತುದಿಯವರೆಗೆ ಕೇಳಿತು.

"ನೋಡ್ರಿ," ಅಂದಳು ಹುಲಿಗೆಮ್ಮ, "ನಿಮ್ಮ ಕೈ ತಾಕಿದ್ರ ಅಕಿ ಹಗುರಾಗ್ತಾಳ. ನಾನು ಮಾತ್ರ ದಪ್ಪಾಗ್ತೀನಿ."

ನಾಲ್ಕೂವರೆಗೆ ಎಂಬತ್ತಾಯಿತು. ಐದಕ್ಕೆ ಅರವತ್ತು. ಐದೂಕಾಲಿಗೆ ಗೇರು ಕೂಡಿ ದೊಡ್ಡಾಕಿ ತಾನೇ ಮೆಲ್ಲಗೆ ತಿರುಗತೊಡಗಿದಳು. ಕಿಟಕಿಯಲ್ಲಿ ಕುಂಕುಮ, ಬರೀ ಕಬ್ಬಿಣ, ಕುಂಕುಮ, ಬರೀ ಕಬ್ಬಿಣ. ಆರಕ್ಕೆ ಐದು ನಿಮಿಷ ಇರುವಾಗ ಅಂಕಿ ಮೂವತ್ತೆಂಟಕ್ಕೆ ಬಂತು. ಪಶ್ಚಿಮದ ಗಾಜಿನಲ್ಲಿ ಬಿಸಿಲು ಕೆಂಪಾಗಿತ್ತು. ಸೀಮೆಯ ಸೋಲಾರ್ ಹಲಗೆಗಳೆಲ್ಲ ಒಂದೊಂದಾಗಿ ಸೋಲುತ್ತಿದ್ದವು. ಸುಗಂಧಾ ಕಲ್ಲೊಲೆಯ ಗಾಳಿ ಬಿಡಲು ಹೇಳಿದಳು.

ಉಗಿ ಬಂದಾಗ ಮೊದಲು ನೆಲ ಗೊತ್ತಾಗದಷ್ಟು ನಡುಗಿತು. ಉರುಕುಂದಪ್ಪ ಮನೆಯಿಂದ ತಂದಿದ್ದ ತೇಗದ ಕೋಲಿನ ಒಂದು ತುದಿಯನ್ನು ಬೇರಿಂಗಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ನಿಂತ. ಐನೂರು ಸುತ್ತು. ಸಾವಿರ. ಸಾವಿರದೈನೂರರ ಹತ್ತಿರ ಅವಳಿಗೆ ಯಾವಾಗಲೂ ಒಂದು ಚಳಿ, ಮೈಯೆಲ್ಲ ನಡುಕ, ಬರುತ್ತಿತ್ತು. ಬಾಗಿದ್ದರೆ ಅಲ್ಲೇ ಗೊತ್ತಾಗುವುದು, ಅಲ್ಲೇ ಗವಸು ಸವರಿ ಚೂರಾಗುವುದು. ಚಳಿ ಬಂತು. ಕೋಲು ಕಿವಿಯಲ್ಲಿ ಗಡಗಡ ಅಂದಿತು. ಅವನು ಕಣ್ಣು ಮುಚ್ಚಿದ. ಚಳಿ ಬಿಟ್ಟಿತು. ಎರಡು ಸಾವಿರ. ಎರಡೂವರೆ. ಆಮೇಲೆ ಕಿವಿಯೊಳಗೆ ಬಂದದ್ದು ಒಂದೇ ಎಳೆಯ ಗುಂಯ್‌ಗುಡುವಿಕೆ, ತಂಬೂರಿ ಶ್ರುತಿ ಹಿಡಿದ ಹಾಗೆ. ಇಪ್ಪತ್ತು ವರ್ಷದಿಂದ ಕೇಳದ ದನಿ.

"ಮೂರು ಸಾವಿರ," ಅಂದ ಪಂಡಿತ. "ಜಾಲಕ್ಕೆ ಸೇರಿಸುತ್ತಿದ್ದೇನೆ."

ಎಲ್ಲೋ ದೂರದ ಅಣೆಕಟ್ಟುಗಳಲ್ಲಿ ಅಷ್ಟಿಷ್ಟು ನೀರಿಗೆ ತಿರುಗುವ ಗಾಲಿಗಳು, ಕೈಗಾದ ಟರ್ಬೈನು, ಎಲ್ಲವೂ ಹೆಜ್ಜೆ ಹಾಕುತ್ತಿದ್ದ ಅದೇ ತಾಳಕ್ಕೆ ದೊಡ್ಡಾಕಿಯೂ ಕಾಲು ಕೂಡಿಸಿದಳು. ಸ್ವಿಚ್ಚು ಬಿದ್ದ ಸದ್ದು ಕೇಳಿತು. ಕಿಟಕಿಯಾಚೆ ನದಿಯ ಆ ದಡದ ಊರುಗಳಲ್ಲಿ ದೀಪ ಹತ್ತಿದವು, ಎಂದಿನಂತೆಯೇ. ಅಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗದಿರುವುದೇ ಈ ಕೆಲಸದ ಹೆಚ್ಚುಗಾರಿಕೆ ಎಂದು ಉರುಕುಂದಪ್ಪ ಯಾವಾಗಲೂ ತಿಳಿದಿದ್ದ.

"ಎದುರು ಮಗ್ಗುಲಿನ ಕುಂಕುಮ ನನ್ನ ದಾಖಲೆಯಲ್ಲಿ ಇಲ್ಲ," ಅಂದ ಪಂಡಿತ. "ಸೇರಿಸುತ್ತೇನೆ. ಕಾರಣ ಏನೆಂದು ಬರೆಯಲಿ?"

ಸುಗಂಧಾ ಮುದುಕನ ಮುಖ ನೋಡಿದಳು.

"ತಿರುಗಿಸೋರು ಮನುಷ್ಯಾರು ಅಂತ ಬರಿ," ಅಂದ ಉರುಕುಂದಪ್ಪ.

ಕೋಲು ಇಳಿಸಿದಾಗ ಗಡಿಯಾರ ಕಣ್ಣಿಗೆ ಬಿತ್ತು. ಆರೂ ನಲವತ್ತು. ಎರಡು ವರ್ಷದಲ್ಲಿ ಒಂದು ಸಲವೂ ತಪ್ಪಿಸದ ಹೊತ್ತು ಅದು. ಅವನು ಕೋಲನ್ನು ಅಲ್ಲೇ ಬಿಟ್ಟು ಕಂಬದ ಕಡೆಗೆ ಓಡಿದ.

ಹುಲಿಗೆಮ್ಮ ಬಲ ಮಗ್ಗುಲಿಗೆ ಹೊರಳಿ, ದೊಡ್ಡಾಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಬೆನ್ನಿಗೆ ದಿಂಬು ಸರಿಯಾಗಿ ಒತ್ತಿತ್ತು. ಮಂಚದ ಕಾಲಿನ ಹತ್ತಿರ ಜಿಲಾನಿ ಕೈ ತೊಳೆದುಕೊಂಡು, ಅವಳ ಹಿಮ್ಮಡಿಗೆ ಎಣ್ಣೆ ಸವರುತ್ತ ಕೂತಿದ್ದ.

"ಗಾಬರಿ ಆಗಬ್ಯಾಡ್ರಿ," ಅಂದಳು ಹುಲಿಗೆಮ್ಮ. "ಆರಕ್ಕ ಸರಿಯಾಗಿ ಹೊರಳಿಸ್ಯಾನ. ಅರ್ಧಕ್ಕೇ ನಿಲ್ಲಿಸು ಅಂತ ನಾನೇ ಹೇಳೀನಿ."